ಕದಲದ ಮೋಡ

ನಕ್ಷೆಯ ಸರ್ವರ್ ನೋಡಿಕೊಳ್ಳುವ ಅಧಿಕಾರಿಗಳಿಗೆ ನಮಸ್ಕಾರ.

ನಾನು ಹವಾಮಾನ ಕಚೇರಿಯಲ್ಲಿ ದಿನದ ಮಳೆಯ ಚಿತ್ರ ತಯಾರಿಸುವವಳು. ಮೋಡ, ಗಾಳಿಯ ಬಾಣಗಳು ನಮ್ಮವು. ಅವುಗಳ ಅಡಿಯ ನೆಲ ನಿಮ್ಮ ಸರ್ವರ್‌ನಿಂದ ಬರುತ್ತದೆ. ಸೋಮವಾರ ನೀವು ಹಾಕಿದ ಹೊಸ ನಕ್ಷೆಯಲ್ಲಿ, ಹೊಳೆಯ ನಡುವೆ ಇದ್ದ ನಮ್ಮ ನಡುಗಡ್ಡೆ ಇಲ್ಲ. ತಪ್ಪು ನಿಮ್ಮದಲ್ಲ. ಹೋದ ಮಳೆಗಾಲದ ಪ್ರವಾಹದಲ್ಲಿ ಅದು ನಿಜಕ್ಕೂ ಕೊಚ್ಚಿಹೋಯಿತು.

ಹಾಸಿಗೆ ಹಿಡಿದಿರುವ ಅಪ್ಪನಿಗೆ ಇದನ್ನು ಹೇಳಿರಲಿಲ್ಲ. ಅಮ್ಮನನ್ನು ಮಣ್ಣು ಮಾಡಿದ್ದು ಅಲ್ಲೇ. ದಿನಾ ಸಂಜೆ ನಾನು ಒಯ್ಯುವ ಚಿತ್ರದ ಮೇಲೆ ಬೆರಳಿಟ್ಟು, “ನಿಮ್ಮಮ್ಮನ ಹತ್ರ ಇವತ್ತು ಮಳೆನಾ?” ಎಂದು ಕೇಳುತ್ತಾರೆ.

ಅದಕ್ಕೇ ಸೋಮವಾರ ಅವರ ಪ್ರತಿಯನ್ನು ಮುದ್ರಿಸುವ ಮುಂಚೆ ಆ ಜಾಗದ ಮೇಲೆ ಒಂದು ಮೋಡ ಕೂರಿಸಿದೆ. ಮಾರನೆಯ ದಿನವೂ ಕೂರಿಸಿದೆ. ಆಮೇಲೆ ಅದೇ ಅಭ್ಯಾಸವಾಯಿತು.

ಅಪ್ಪ ದೋಣಿ ನಡೆಸಿದವರು. ನಿನ್ನೆ ಚಿತ್ರವನ್ನು ಬಹಳ ಹೊತ್ತು ನೋಡಿ, “ಗಾಳಿ ಇಷ್ಟು ಜೋರು ಅಂತ ನೀನೇ ಬಾಣ ಹಾಕಿದ್ದೀಯ. ಈ ಮೋಡಕ್ಕೇನು ಕಾಲು ಮುರಿದಿದ್ಯಾ, ಕದಲೋದೇ ಇಲ್ಲ?” ಎಂದರು.

ನಾನು ಅವರ ದಿಂಬು ಸರಿಮಾಡಿದೆ.

“ತೆಗೆದುಬಿಡು ಪುಟ್ಟಿ. ನೀರಿದ್ರೆ ನೀರೇ ನೋಡ್ತೀನಿ.”

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಹಳೆಯ ನಕ್ಷೆಯ ಪದರವನ್ನು ಒಂದು ದಿನದ ಮಟ್ಟಿಗೆ ತೆರೆದುಕೊಡಿ. ಹೊಸದರ ಮೇಲೆ ಅದನ್ನಿಟ್ಟು, ನೀರಿನಲ್ಲಿ ಅಮ್ಮನ ಜಾಗಕ್ಕೆ ಒಂದು ಚುಕ್ಕಿ ಹಾಕಿಕೊಳ್ಳುತ್ತೇನೆ. ಅಪ್ಪ ಬೆರಳಿಡುವಾಗ ಜಾಗ ತಪ್ಪಬಾರದು.

ಇಂತಿ,
ಮಳೆಯ ಚಿತ್ರದವಳು