‘ಆಯ್ತು’ ಎಂದ ಮೇಲಿನ ಮುಖಗಳು

ಮಾನ್ಯ ಛಾಯಾಗ್ರಹಣ ವಿಭಾಗದ ಮುಖ್ಯಸ್ಥರೇ,

ನಿಮ್ಮ ವಿಶ್ವವಿದ್ಯಾಲಯದಲ್ಲಿ ಛಾಯಾಗ್ರಹಣ ಓದಲು ಅರ್ಜಿ ಹಾಕಿದ್ದ ನನ್ನ ತಂಗಿಯ ಮಗಳಿಗೆ, ತೀರಿಕೊಂಡ ಅಪ್ಪನನ್ನು ಚಿತ್ರ ಮಾಡಿಕೊಂಡು ಬಾ ಎಂದು ನೀವು ಹೇಳಿ ಕಳಿಸಿದಿರಿ. ತಂದರೆ ಸೀಟಿನ ವಿಚಾರ, ತರದಿದ್ದರೆ ಇಲ್ಲ. ಮಾತು ಇಷ್ಟು ಒರಟಾಗಿರಲಿಲ್ಲ, ಒಪ್ಪುತ್ತೇನೆ. ಅದರಲ್ಲಿ ಅನುಭವದ ಪ್ರಾಮಾಣಿಕತೆ, ಗಾಯದ ಭಾಷೆ, ತನ್ನನ್ನು ತಾನು ತೆರೆದುಕೊಳ್ಳುವ ಧೈರ್ಯ ಮೊದಲಾದವು ಇದ್ದವು. ಅವನ್ನೆಲ್ಲ ಒಂದೊಂದಾಗಿ ಪಕ್ಕಕ್ಕಿಟ್ಟು ನೋಡಿದಾಗ ಅಡಿಯಲ್ಲಿ ಉಳಿದದ್ದು ಇದು. ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕೊಡುತ್ತಿದ್ದೇನೆ. ಮನೆಯೊಳಗಿನ ಸಂಗತಿಗಳನ್ನು ಹತ್ತು ಜನರ ನಡುವೆ ಇಟ್ಟು ನೋಡುವುದು ನಿಮಗೆ ಇಷ್ಟವೆಂದು ಈಗ ನನಗೆ ತಿಳಿದಿದೆ.

ಸಂದರ್ಶನದ ದಿನ ಹುಡುಗಿಯ ಜೊತೆಗೆ ಬಂದವನು ನಾನು. ನಿಮ್ಮ ಕೋಣೆಯ ಫ್ಯಾನು ಕೆಟ್ಟಿದ್ದರಿಂದ ಜವಾನ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದ. ಎದುರಿನ ಬೆಂಚಿಗೆ ಎಲ್ಲವೂ ಕೇಳಿಸುತ್ತಿತ್ತು. ಕಾಯುವವರು ನೋಡಲೆಂದು ಗೋಡೆಯುದ್ದಕ್ಕೂ ಹಳೆಯ ವಿದ್ಯಾರ್ಥಿಗಳ ಚಿತ್ರಗಳನ್ನು ತೂಗುಹಾಕಿದ್ದೀರಿ. ಬಿರಿದ ಹಿಮ್ಮಡಿ, ಸುಕ್ಕುಗಟ್ಟಿದ ಕೆನ್ನೆ, ಆಸ್ಪತ್ರೆಯ ಮಂಚದಿಂದ ಕೆಳಗೆ ಇಳಿಬಿದ್ದ ಕೈ. ಎಲ್ಲಕ್ಕೂ ಬೆಳಕು ಬಹಳ ಚೆನ್ನಾಗಿ ಬಿದ್ದಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಇಬ್ಬರು ಅಭ್ಯರ್ಥಿಗಳು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು.

“ನಿಂದೇನು?” ಎಂದಳು ಒಬ್ಬಳು.

“ನಮ್ಮಜ್ಜಿಗೆ ಮರೆವು. ನನ್ನ ಗುರುತೇ ಹಿಡಿಯಲ್ಲ. ಒಂದು ವರ್ಷ ಅವಳ ಫೋಟೊ ತೆಗೆದಿದ್ದೀನಿ.”

“ನಿನಗೆ ಸಿಗುತ್ತೆ ಬಿಡು. ನಮ್ಮನೇಲಿ ಎಲ್ಲರೂ ಚೆನ್ನಾಗೇ ಇದ್ದಾರೆ ಕಣೇ. ಅದೇ ಕಷ್ಟ ಆಗಿರೋದು.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಮನೆಮಂದಿ ಗಟ್ಟಿಮುಟ್ಟಾಗಿರುವುದನ್ನು ನೆನೆದು ಒಬ್ಬ ಹೆಣ್ಣುಮಗಳು ಉಗುರು ಕಚ್ಚುತ್ತಿದ್ದಳು. ನಿಮ್ಮ ವಿಭಾಗ ಪಾಠ ಶುರುಮಾಡುವ ಮೊದಲೇ ಇಷ್ಟನ್ನು ಕಲಿಸಿಬಿಟ್ಟಿದೆ.

ನನ್ನ ತಂಗಿಯ ಮಗಳು ತಂದಿದ್ದ ಚಿತ್ರಗಳ ಬಗ್ಗೆ ಸ್ವಲ್ಪ ಹೇಳಬೇಕು, ನೀವು ಅವನ್ನು ಸರಿಯಾಗಿ ನೋಡದೇ ಇದ್ದುದರಿಂದ. ತಂಗಿಯದು ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಇರುವ ಸಣ್ಣ ಸ್ಟುಡಿಯೊ. ಪಾಸ್‌ಪೋರ್ಟಿಗೆ, ಪರೀಕ್ಷೆಗೆ, ನೌಕರಿಗೆ ಬೇಕಾದ ಮುಖಗಳು ಅಲ್ಲಿ ತಯಾರಾಗುತ್ತವೆ. ಸ್ಟೂಲಿನ ಮೇಲೆ ಕೂತ ಕೂಡಲೇ ಜನ ಮುಖಕ್ಕೆ ಇಸ್ತ್ರಿ ಹಾಕಿಕೊಳ್ಳುತ್ತಾರೆ. ಉಸಿರು ಕಟ್ಟಿ, ಕುತ್ತಿಗೆ ಬಿಗಿದು, ಕಳ್ಳತನದ ಆರೋಪ ಹೊತ್ತವರ ಹಾಗೆ ಕ್ಯಾಮೆರಾ ನೋಡುತ್ತಾರೆ. ತಂಗಿಯ ಗಂಡ ಬದುಕಿದ್ದಾಗ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಒಮ್ಮೆ ಸುಮ್ಮನೆ ಫ್ಲ್ಯಾಶ್ ಹೊಡೆದು “ಆಯ್ತು” ಎನ್ನುತ್ತಿದ್ದರು. ಕೂತವರ ಭುಜ ಇಳಿಯುತ್ತಿತ್ತು, ಬಾಯಿ ತನ್ನ ಜಾಗಕ್ಕೆ ವಾಪಸಾಗುತ್ತಿತ್ತು. ಆಗ ನಿಜವಾದ ಚಿತ್ರ ತೆಗೆಯುತ್ತಿದ್ದರು. ಅವರು ಹೋದ ಮೇಲೆ ತಂಗಿಯೂ ಹಾಗೇ ಮಾಡುತ್ತಾಳೆ. ಹುಡುಗಿ ಪಕ್ಕದಲ್ಲಿ ನಿಂತು, ಒಪ್ಪಿದವರದ್ದು ಮಾತ್ರ, ಆ ‘ಆಯ್ತು’ವಿನ ನಂತರದ ಮುಖಗಳನ್ನು ತನ್ನ ಕ್ಯಾಮೆರಾದಲ್ಲಿ ತೆಗೆದಿದ್ದಳು. ಚಪ್ಪಲಿಗಾಗಿ ಕಾಲಲ್ಲೇ ತಡಕಾಡುತ್ತಿರುವ ಗುಮಾಸ್ತ. ಕಾಲರಿನ ಗುಂಡಿ ಬಿಚ್ಚುತ್ತ ತನ್ನಷ್ಟಕ್ಕೆ ನಕ್ಕ ನರ್ಸು. ಎಲ್ಲ ಮುಗಿಯಿತೆಂದು ನಂಬಲಾಗದೆ ಇನ್ನೂ ಕೂತೇ ಇರುವ ಮುದುಕ. ಯಾರಿಗಾಗಿಯೂ ಯಾವ ಕೆಲಸವನ್ನೂ ಮಾಡದೆ ಮುಖಗಳು ಸ್ವಲ್ಪ ಹೊತ್ತು ಸುಮ್ಮನಿರುತ್ತವಲ್ಲ, ಅವು.

ನೀವು ಅವನ್ನು ಇಸ್ಪೀಟೆಲೆಗಳಂತೆ ಸರಸರ ಸರಿಸಿ, “ಚೆನ್ನಾಗಿದೆಯಮ್ಮ, ಆದರೆ ಇದರಲ್ಲಿ ನೀನೆಲ್ಲಿದ್ದೀಯ?” ಎಂದಿರಿ.

“ಇದು ಅಪ್ಪ ಕಲಿಸಿದ್ದು ಸರ್. ‘ಆಯ್ತು’ ಅಂತ ಹೇಳಿಬಿಟ್ಟು...”

“ಅಪ್ಪ ಏನು ಮಾಡ್ತಾರೆ?”

“ಇಲ್ಲ ಸರ್. ತೀರಿಕೊಂಡ್ರು.”

ಕುರ್ಚಿಗಳು ಮುಂದಕ್ಕೆ ಸರಿದ ಸದ್ದು ಬೆಂಚಿಗೆ ಕೇಳಿಸಿತು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ನಿಮ್ಮ ಸಹೋದ್ಯೋಗಿ, “ಅಯ್ಯೋ, ಅದನ್ನ ಬಿಟ್ಟು ಬೇರೆ ಏನೇನೋ ತೆಗೆದಿದ್ದೀಯಲ್ಲ ಮಗು,” ಎಂದರು. ಅವರ ದನಿಯಲ್ಲಿ ಮರುಕವಿತ್ತು. ಒಳ್ಳೆಯ ಸರಕು ಗೋದಾಮಿನಲ್ಲಿ ಕೊಳೆಯುತ್ತಿರುವುದನ್ನು ಕಂಡ ವ್ಯಾಪಾರಿಯ ಮರುಕ. ಅಪ್ಪನ ಬಟ್ಟೆ ಇದೆಯೇ, ಕನ್ನಡಕ ಇದೆಯೇ, ಅಮ್ಮ ಕ್ಯಾಮೆರಾ ಮುಂದೆ ಬರುತ್ತಾರೆಯೇ ಎಂದು ನೀವು ವಿಚಾರಿಸಿದಿರಿ. ಅಪ್ಪ ಏನು ಕಲಿಸಿದ್ದರು ಎಂಬ ಅರ್ಧ ವಾಕ್ಯ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅದನ್ನು ಎತ್ತಿ ನೋಡುವ ಕುತೂಹಲ ಅಲ್ಲಿ ಒಬ್ಬರಿಗೂ ಇರಲಿಲ್ಲ. ಹೊಸ ಚಿತ್ರಗಳನ್ನು ತಂದರೆ ಮತ್ತೆ ಪರಿಶೀಲಿಸುತ್ತೇವೆ ಎಂದು ಗಡುವು ಕೊಟ್ಟು ಕಳಿಸಿದಿರಿ.

ಮುಂದಿನ ರಜೆಯ ದಿನ ಸ್ಟುಡಿಯೊಗೆ ಹೋದೆ. ಹುಡುಗಿ ಬೀರುವಿನಿಂದ ಅಪ್ಪನ ನೀಲಿ ಚೌಕಳಿ ಅಂಗಿ ತೆಗೆದು ಹ್ಯಾಂಗರಿಗೆ ಹಾಕಿ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಬರುವಂತೆ ತೂಗಿಸಿದ್ದಳು. ತಂಗಿ ಒಳಗಿನಿಂದ ಬಂದವಳು ಅಲ್ಲೇ ನಿಂತಳು.

“ಏನೇ ಇದು?”

“ಯೂನಿವರ್ಸಿಟಿಯವರು ಕೇಳಿದ್ದು ಅಮ್ಮ.”

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಈ ಪತ್ರ ಇರುತ್ತಿರಲಿಲ್ಲ. ಅವಳು ಅಂಗಿಯನ್ನು ಗಿರಾಕಿಯನ್ನು ನೋಡುವ ಹಾಗೆ ನೋಡಿ, ಹತ್ತಿರ ಹೋಗಿ ಕಾಲರ್ ಸರಿಮಾಡಿದಳು. “ಲೈಟು ಆ ಕಡೆಯಿಂದ ಹಾಕು. ಈ ಕಡೆಯಿಂದ ಹಾಕಿದ್ರೆ ಕಿವಿ ದೊಡ್ಡದಾಗಿ ಕಾಣುತ್ತೆ ಅಂತ ಯಾವಾಗ್ಲೂ ಗೊಣಗೋರು.” ಹುಡುಗಿ ದೀಪ ಸರಿಸಿದಳು. ತಂಗಿ ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿದಳು: “ನಾನೂ ನಿಲ್ಲಬೇಕಾ ಪಕ್ಕದಲ್ಲಿ? ಅಳಬೇಕಾ?”

“ಬೇಡಮ್ಮ.”

“ಸೀಟು ಸಿಗುತ್ತೆ ಅಂದ್ರೆ ಅಳ್ತೀನಿ ಬಿಡು. ನಾನೇ ದಿನಾ ಎಷ್ಟೋ ಜನಕ್ಕೆ ಹಿಂಗೆ ಕೂತ್ಕೊ, ಹಂಗೆ ನೋಡು ಅನ್ನಲ್ವಾ.” ನನ್ನ ಕಡೆ ತಿರುಗಿ, “ನೀನು ಲೈಟಿಗೆ ಅಡ್ಡ ನಿಂತಿದ್ದೀಯ ಅಣ್ಣ,” ಎಂದಳು.

ನಾನು ಸರಿದು ನಿಂತೆ. ಅವಳು ಅಂಗಿಯ ಪಕ್ಕಕ್ಕೆ ಹೋಗಿ ನಿಂತು ಮುಖ ಬಿಗಿದುಕೊಂಡಳು. ನಿಜ ಹೇಳುತ್ತೇನೆ, ಆ ಕ್ಷಣ ನನಗೂ ಇದು ಒಳ್ಳೆಯ ಚಿತ್ರವಾಗುತ್ತದೆ ಅನ್ನಿಸಿತು. ನಿಮ್ಮ ಕಾರಿಡಾರಿನಲ್ಲಿ ಒಂದು ಬೆಳಗ್ಗೆ ಕೂತದ್ದಕ್ಕೇ ನನ್ನ ಕಣ್ಣು ಅಷ್ಟು ಕೆಟ್ಟಿತ್ತು. ನಾಲ್ಕು ವರ್ಷ ಅಲ್ಲಿ ಓದುವವರ ಗತಿ ಏನು?

ಹುಡುಗಿ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಅಭ್ಯಾಸಬಲದಿಂದಲೋ ಏನೋ, ಬಟನ್ ಒತ್ತುವ ಮೊದಲೇ “ಆಯ್ತು” ಎಂದಳು.

ತಂಗಿಯ ಭುಜ ಇಳಿಯಿತು. ಪಕ್ಕದಲ್ಲಿ ತೂಗುತ್ತಿದ್ದ ಖಾಲಿ ತೋಳನ್ನು ಅವಳು ನೋಡಿದಳು. ಆಮೇಲಿನ ಅವಳ ಮುಖವನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ನಿಮಗೆ ಸಿಗಬಾರದು.

“ತೆಗೆದ್ಯಾ?”

“ಇಲ್ಲ.”

“ಯಾಕೆ? ಲೈಟು ಸರಿಯಾಗಿತ್ತಲ್ಲ.”

“ಲೈಟು ಸರಿಯಾಗೇ ಇತ್ತಮ್ಮ.” ಹುಡುಗಿ ಅಂಗಿ ಇಳಿಸಿ, ಮಡಚಿ, ಒಳಗಿಟ್ಟು ಬಂದಳು. ಅಂದಿನಿಂದ ಕ್ಯಾಮೆರಾ ಮುಟ್ಟಿಲ್ಲ. ಕೇಳಿದರೆ, “ಯಾರನ್ನ ನೋಡಿದ್ರೂ ಇವರ ಮನೇಲಿ ಏನಾಗಿರಬಹುದು ಅಂತ ಹುಡುಕೋ ಹಂಗಾಗಿದೆ ಮಾಮ,” ಎನ್ನುತ್ತಾಳೆ. ಸೀಟು ಹೋದರೆ ಹೋಯಿತು, ಇನ್ನೊಂದು ವರ್ಷ, ಇನ್ನೊಂದು ಕಾಲೇಜು. ಆದರೆ ಮುಖವನ್ನು ಮುಖವಾಗಿ ನೋಡುವ ಕಣ್ಣು ಅವಳಿಗಿತ್ತು, ಅದನ್ನು ಅರ್ಧ ಗಂಟೆಯಲ್ಲಿ ಕೆಡಿಸಿ ಕಳಿಸಿದ್ದೀರಿ. ನನಗೆ ಹೇಸಿಗೆ ಹುಟ್ಟಿಸುವುದು ಇದು. ದುಃಖವನ್ನು ಚಿತ್ರ ಮಾಡಬಾರದೆಂದು ನಾನು ಹೇಳುತ್ತಿಲ್ಲ. ಅವಳಿಗೇ ಬೇಕೆನಿಸಿದ ದಿನ ಅಪ್ಪನ ಅಂಗಿಯ ಚಿತ್ರವನ್ನು ಅವಳು ತೆಗೆಯಲಿ. ಅದನ್ನು ಪ್ರವೇಶದ ಬಾಗಿಲಲ್ಲಿ ಟಿಕೆಟ್ ಕೇಳಿದ ಹಾಗೆ ಕೇಳಲು ನೀವು ಯಾರು?

ಸೋಮವಾರ ನಿಮ್ಮ ಮೇಜಿಗೆ ಒಂದು ಲಕೋಟೆ ಬರುತ್ತದೆ. ಹುಡುಗಿಯ ಒಪ್ಪಿಗೆ ಪಡೆದು ನಾನೇ ತಂದುಕೊಡುತ್ತೇನೆ. ಹಳೆಯವೇ ಚಿತ್ರಗಳು, ಹಳೆಯದೇ ಕ್ರಮ, ಒಂದನ್ನೂ ಸೇರಿಸಿಲ್ಲ. ನನ್ನ ಬೇಡಿಕೆ ಇಷ್ಟು: ಅವನ್ನು ನಿಧಾನವಾಗಿ ನೋಡಿ. ಅವಳನ್ನು ಮತ್ತೆ ಕರೆಸಿ, ಅವಳು ಅಂದು ಶುರುಮಾಡಿದ್ದ ವಾಕ್ಯವನ್ನು ಪೂರ್ತಿ ಮಾಡಲು ಬಿಡಿ. ಚಿತ್ರಗಳು ಕೆಟ್ಟದಾಗಿವೆ ಅನ್ನಿಸಿದರೆ ಮುಖದ ಮೇಲೇ ಹೇಳಿ, ತಡೆದುಕೊಳ್ಳುತ್ತಾಳೆ. ಆದರೆ ಇನ್ನು ಮುಂದೆ ಆ ಕೋಣೆಯಲ್ಲಿ ಯಾವ ಮಗುವನ್ನೂ ‘ನಿನ್ನ ಮನೆಯಲ್ಲಿ ಯಾರು ಸತ್ತಿದ್ದಾರೆ’ ಎಂದು ಕೇಳಬೇಡಿ.

ನಿಮ್ಮದೂ ಒಂದು ಭಾವಚಿತ್ರ ಕಾರಿಡಾರಿನ ಕೊನೆಯಲ್ಲಿದೆ, ಗಲ್ಲಕ್ಕೆ ಬೆರಳಿಟ್ಟು ದೂರ ನೋಡುತ್ತಿರುವುದು. ಅದನ್ನು ತೆಗೆದಾದ ಮೇಲೆ ಬೆರಳು ಎಲ್ಲಿಗೆ ಹೋಯಿತು, ಕಣ್ಣು ಯಾರನ್ನು ಹುಡುಕಿತು ಎಂದು ಅಂದು ಯೋಚಿಸುತ್ತ ಕೂತಿದ್ದೆ. ಬಿಡುವಾದಾಗ ತಂಗಿಯ ಸ್ಟುಡಿಯೊಗೆ ಬನ್ನಿ. ಸ್ಟೂಲು ಖಾಲಿ ಇರುತ್ತದೆ. ಅವಳು ನಿಮ್ಮ ಮನೆಯ ಬಗ್ಗೆ ಏನೂ ಕೇಳುವುದಿಲ್ಲ. ‘ಆಯ್ತು’ ಎನ್ನುತ್ತಾಳೆ, ಅಷ್ಟೆ.

ಇಂತಿ,
ತೆರೆದ ಬಾಗಿಲೆದುರಿನ ಬೆಂಚಿನ ಮೇಲೆ ಎಲ್ಲವನ್ನೂ ಕೇಳಿಸಿಕೊಂಡು,
ಎದ್ದು ಒಳಗೆ ಬರದ
ಹುಡುಗಿಯ ಸೋದರಮಾವ