ಇಲ್ಲದ್ದನ್ನು ದಾನ ಮಾಡಲು ಅನುಮತಿ ಕೊಡಿ

ದಾನಿಗಳ ಮೈಯಲ್ಲಿ ಏನೇನಿದೆ ಎಂದು ಎಣಿಸಿ ನೋಡುವ ಮಾನ್ಯ ಅನುಮತಿ ಅಧಿಕಾರಿಗಳೇ,

ನಾನು ನನ್ನ ತಮ್ಮನಿಗೆ ಅಸ್ಥಿಮಜ್ಜೆ ಕೊಡಬಾರದೆಂದು ನೀವು ಮೂರನೆಯ ಬಾರಿ ಆದೇಶ ಹೊರಡಿಸಿದ್ದೀರಿ. ಕಾರಣ, ದಾನಿಯ ದೇಹದಲ್ಲಿ ಒಂದು ಭಾಗ ಕಡಿಮೆ ಇದೆ. ಇದೆ ಸ್ವಾಮಿ, ಒಪ್ಪಿದೆ. ಆ ಕಡಿಮೆಯೇ ಬೇಕೆಂದು ವೈದ್ಯರು ನನ್ನ ಬೆನ್ನು ಬಿದ್ದಿರುವುದು! ಇಷ್ಟು ಸರಳವಾದ ಮಾತು ನಿಮ್ಮ ತಲೆಗೆ ಹೋಗುತ್ತಿಲ್ಲವಾದ್ದರಿಂದ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ಡ್ರೈವಿಂಗ್ ಶಾಲೆ ನಡೆಸುವವಳು. ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ದಿನವಿಡೀ ಅಪರಿಚಿತರನ್ನು ಬಯ್ಯುವುದು ನನ್ನ ಹೊಟ್ಟೆಪಾಡು. ನನ್ನ ತಮ್ಮ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಹಾಗಾಗಿ ಮನೆಯಲ್ಲಿ ಅವನಿಗೆ ಕುಳ್ಳ ಎಂದೇ ಹೆಸರು. ಕುಳ್ಳನಿಗೆ ಹಲವು ವರ್ಷಗಳಿಂದ ಎಚ್‌ಐವಿ ಇದೆ. ಹೇಗೆ ಬಂತೆಂದು ನಿಮ್ಮ ಗುಮಾಸ್ತರು ಕೇಳಿದರು. ಅದು ಅವರಿಗೆ ಬೇಡದ ವಿಷಯ ಎಂದು ಅಲ್ಲೇ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಮಾತ್ರೆ ನುಂಗಿಕೊಂಡು, ಕೆಲಸಕ್ಕೆ ಹೋಗಿಕೊಂಡು, ನನ್ನ ಕೈಲಿ ಬೈಸಿಕೊಂಡು ಹಾಯಾಗಿದ್ದ. ಮಾತ್ರೆಗಳಿರುವಾಗ ಆ ಕಾಯಿಲೆಗೆಂದು ಯಾರೂ ಮಜ್ಜೆ ಬದಲಿಸುವುದಿಲ್ಲ. ಆದರೆ ಹೋದ ವರ್ಷ ಅವನಿಗೆ ರಕ್ತದ ಕ್ಯಾನ್ಸರ್ ಬಂತು. ಸದ್ಯಕ್ಕೆ ಔಷಧಿಗೆ ತಗ್ಗಿದೆ. ಅದು ಮತ್ತೆ ತಲೆಯೆತ್ತುವುದರೊಳಗೆ ಬೇರೆಯವರ ಮಜ್ಜೆ ಹಾಕಬೇಕು. ಪರೀಕ್ಷೆ ಮಾಡಿದಾಗ ನನ್ನದು ಹೊಂದಿತು, ಜೊತೆಗೆ ನನ್ನಲ್ಲಿ ಈ ಕೊರತೆಯೂ ಸಿಕ್ಕಿತು.

ಕೊರತೆ ಏನೆಂದರೆ, ನಮ್ಮ ಕೆಲವು ಬಿಳಿ ರಕ್ತಕಣಗಳ ಮೈಮೇಲೆ ಸಿಸಿಆರ್-ಫೈವ್ ಎಂಬ ಗ್ರಾಹಕ, ಅಂದರೆ ರಿಸೆಪ್ಟರ್, ಇರುತ್ತದೆ. ದೇಹದಲ್ಲಿ ಎಲ್ಲಾದರೂ ಸೋಂಕು ತಗಲಿದಾಗ ಅಲ್ಲಿಂದ ಹೊರಡುವ ರಾಸಾಯನಿಕ ಕರೆಯನ್ನು ಹಿಡಿದು, ಕಣವನ್ನು ಆ ಜಾಗಕ್ಕೆ ಓಡಿಸುವುದು ಅದರ ಕೆಲಸ. ಎಚ್‌ಐವಿ ಮಹಾ ಚಾಲಾಕಿ. ಮೊದಲು ಸಿಡಿ-ಫೋರ್ ಎಂಬ ಇನ್ನೊಂದು ಗ್ರಾಹಕಕ್ಕೆ ಅಂಟಿಕೊಂಡು, ಆಮೇಲೆ ಇದನ್ನು ಹಿಡಿದುಕೊಂಡು ಕಣದೊಳಗೆ ನುಸುಳುತ್ತದೆ. ಅಪ್ಪನಿಂದಲೂ ಅಮ್ಮನಿಂದಲೂ ಇದರ ಜೀನಿನ ಕೆಟ್ಟ ಪ್ರತಿಯೇ ಸಿಕ್ಕಿ, ಹುಟ್ಟುವಾಗಲೇ ಸಿಸಿಆರ್-ಫೈವ್ ಇಲ್ಲದವರು ಕೆಲವರಿದ್ದಾರೆ. ಅವರ ಕಣಗಳೊಳಗೆ ಈ ವೈರಸ್ಸಿನ ಸಾಮಾನ್ಯ ಬಗೆಗಳಿಗೆ ಪ್ರವೇಶವಿಲ್ಲ. ನಾನು ಅಂಥವಳು. ಚಿಕ್ಕಂದಿನಲ್ಲಿ ಕಿಟಕಿ ಪಕ್ಕದ ಹಾಸಿಗೆ, ಹೊಸ ಸೈಕಲ್ಲು, ಅಮ್ಮನ ಮುದ್ದು ಎಲ್ಲವೂ ಕುಳ್ಳನ ಪಾಲಾಗಿ, ನನಗೆ ಬಂದದ್ದು ಈ ಖಾಲಿ ಜಾಗ. ಇಂಥವರ ಮಜ್ಜೆ ಪಡೆದ ಬೆರಳೆಣಿಕೆಯ ಕ್ಯಾನ್ಸರ್ ರೋಗಿಗಳಲ್ಲಿ ಎಚ್‌ಐವಿಯೂ ಮಾಯವಾಗಿದೆಯಂತೆ. ಎಲ್ಲರಿಗೂ ಹಾಗಾಗಿಲ್ಲ, ಭರವಸೆ ಕೊಡಲಾರೆ ಎಂದು ಕುಳ್ಳನ ವೈದ್ಯೆ ಮೊದಲೇ ಹೇಳಿದ್ದಾರೆ.

ಇದನ್ನೆಲ್ಲ ನಿಮ್ಮ ಗುಮಾಸ್ತರಿಗೆ ಗಂಟಲು ಒಣಗುವವರೆಗೆ ವಿವರಿಸಿದೆ. ಅವರು ಪೆನ್ನಿನ ಮುಚ್ಚಳ ಕಚ್ಚುತ್ತಾ ಕೇಳಿಸಿಕೊಂಡು, "ಮೇಡಂ, ಇರೋದನ್ನ ದಾನ ಮಾಡ್ಬೋದು. ಇಲ್ದೇ ಇರೋದನ್ನ ಹೇಗೆ ದಾನ ಮಾಡ್ತೀರ?" ಎಂದರು.

"ಮಜ್ಜೆ ಇದೆಯಪ್ಪಾ, ಗ್ರಾಹಕ ಇಲ್ಲ."

"ಅದೇ ನಾನೂ ಹೇಳ್ತಿರೋದು, ಇಲ್ಲ."

ಬಾಡಿಗೆ ಮನೆ ಬಿಡುವಾಗ ಮಾಲೀಕರು ನಲ್ಲಿ, ಬಲ್ಬು ಎಣಿಸುವ ಹಾಗೆ ನಿಮ್ಮ ಕಚೇರಿಯಲ್ಲಿ ದಾನಿಯನ್ನು ಎಣಿಸುವ ಪದ್ಧತಿ ಇದೆ. ಏನಾದರೂ ಕಾಣೆಯಾಗಿದ್ದರೆ ದೂರು ಕೊಟ್ಟು ಬರಬೇಕಂತೆ. ಹೋದೆ, ಸ್ವಾಮಿ! ಮಾನ ಮರ್ಯಾದೆ ಬದಿಗಿಟ್ಟು ಪೊಲೀಸ್ ಠಾಣೆಗೇ ಹೋದೆ.

"ಕೊನೇ ಸಲ ಎಲ್ಲಿ ನೋಡಿದ್ರಿ?" ಎಂದು ಪೇದೆ ಕೇಳಿದರು.

"ನೋಡೇ ಇಲ್ಲ. ಹುಟ್ಟಿದಾಗ್ಲೇ ಇರ್ಲಿಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಅಪ್ಪ ಅಮ್ಮನ ಮೇಲೆ."

"ಇಬ್ರೂ ಸೇರ್ಕೊಂಡಾ?"

"ಇಬ್ರೂ ಸೇರದೆ ಇದು ಆಗೋದೇ ಇಲ್ಲ ಸಾರ್."

ಮನೆ ಜಗಳವನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಿ ಎಂದು ಬುದ್ಧಿ ಹೇಳಿ ಕಳಿಸಿದರು. ಆಮೇಲೆ ನೀವೇ ದೊಡ್ಡ ಮನಸ್ಸು ಮಾಡಿ ಬದಲಿ ದಾನಿಯನ್ನು ಸೂಚಿಸಿದಿರಿ, ನಿಮ್ಮ ಕಚೇರಿಯ ಕಾವಲುಗಾರರೊಬ್ಬರನ್ನು. ಅವರಲ್ಲಿ ಎಲ್ಲ ಭಾಗಗಳೂ ಸರಿಯಾಗಿವೆಯಂತೆ. ಅವರ ಮಜ್ಜೆ ನನ್ನ ತಮ್ಮನಿಗೆ ಹೊಂದಬೇಡವೇ ಎಂದಾಗ, "ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮ" ಎಂದಿರಿ. ಅಡ್ಜಸ್ಟ್ ಮಾಡಿಕೊಳ್ಳಲು ಅದೇನು ಬಸ್ಸಿನ ಸೀಟೇ? ಪಾಪ, ಆ ಮನುಷ್ಯರು ಮಾತ್ರ ಟೋಪಿ ತೆಗೆದಿಟ್ಟು, "ಎಲ್ಲಿ ಚುಚ್ತಾರೆ ಅಕ್ಕಾ?" ಎಂದು ತೋಳು ಚಾಚಿಯೇಬಿಟ್ಟರು. ನಿಮ್ಮ ಕಟ್ಟಡದಲ್ಲಿ ಕೊಡಲು ಮನಸ್ಸಿದ್ದವರು ಅವರೊಬ್ಬರೇ.

ಕೊರತೆ ಕೊರತೆಯೇ ಎಂಬ ನಿಮ್ಮ ಮಾತಿನಲ್ಲಿ ಹುರುಳಿದೆ, ಇಲ್ಲವೆನ್ನುವುದಿಲ್ಲ. ಆ ಗ್ರಾಹಕ ದಂಡಪಿಂಡವಲ್ಲ. ಅದಿಲ್ಲದವರಿಗೆ ಸೊಳ್ಳೆಯಿಂದ ಬರುವ ವೆಸ್ಟ್ ನೈಲ್ ಎಂಬ ಸೋಂಕು ಮಿದುಳಿಗೆ ಏರಿ ಅಪಾಯವಾಗುವ ಸಾಧ್ಯತೆ ಹೆಚ್ಚು. ಪಾರ್ಶ್ವವಾಯು, ಕ್ಯಾನ್ಸರ್ ಮುಂತಾದವುಗಳಲ್ಲಿ ಅದರ ಪಾತ್ರವೇನೆಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಲೇ ಇದ್ದಾರೆ. ವೈದ್ಯೆ ಇದನ್ನು ಮುಚ್ಚಿಡಲಿಲ್ಲ. ಕುಳ್ಳ ಪೂರ್ತಿ ಕೇಳಿ, "ಸೊಳ್ಳೆ ಪರದೆ ಕಟ್ಕೋತೀನಿ ಬಿಡಿ, ಮೊದ್ಲು ಬದುಕ್ಬೇಕಲ್ಲ" ಎಂದ. ಅಪಾಯ ಅವನದು, ಒಪ್ಪಿಗೆಯೂ ಅವನದು. ನಡುವೆ ನಿಮ್ಮದೇನು?

ನಿನ್ನೆ, ಸೋಂಕು ತಗಲದಿರಲೆಂದು ಅವನನ್ನಿಟ್ಟಿರುವ ವಾರ್ಡಿನ ಗಾಜಿನಾಚೆಯಿಂದ, ಗೋಡೆಯ ಫೋನು ಹಿಡಿದುಕೊಂಡು ಕೇಳಿದ: "ಅಕ್ಕಾ, ನಿನ್ನ ರಕ್ತ ಬಂದ್ಮೇಲೆ ನಾನೂ ನಿನ್ನ ಥರ ಎಲ್ರಿಗೂ ಬಯ್ತೀನಾ?"

"ಬಯ್ಯೋ. ಆ ಕಚೇರಿಗೆ ಹೋಗೋಕೆ ನನಗೂ ಒಂದು ಜೊತೆಯಾಗುತ್ತೆ."

ನಕ್ಕ. ನಗುವಾಗ ಕೆಮ್ಮು ಬಂತು, ಕೆಮ್ಮು ನಿಲ್ಲಲಿಲ್ಲ, ದಾದಿ ಓಡಿಬಂದು ಪರದೆ ಎಳೆದಳು. ನಾನು ಈಚೆ ಕಡೆಯ ಫೋನು ಕಿವಿಗಿಟ್ಟುಕೊಂಡೇ ನಿಂತಿದ್ದೆ. ನನಗೆ ಭಯವಾಗಿದೆ, ಸಾರ್. ಸಿಟ್ಟೆಲ್ಲ ಅದರದ್ದೇ.

ನನ್ನ ಬೇಡಿಕೆ ಒಂದೇ, ಈ ವಾರ ರುಜು ಹಾಕಿ. ಆಗದಿದ್ದರೆ ನೀವೇ ಆಸ್ಪತ್ರೆಗೆ ಬಂದು, ಆ ಫೋನು ಎತ್ತಿ, ಕುಳ್ಳನಿಗೆ ಕಾರಣ ಹೇಳಿ. ಅವನು ಒಳ್ಳೆಯವನು, ನಿಮ್ಮನ್ನು ಬಯ್ಯುವುದಿಲ್ಲ. ಅದನ್ನು ಅವನು ಇನ್ನೂ ಕಲಿತಿಲ್ಲ. ಕಲಿಯುವಷ್ಟು ದಿನ ಅವನಿಗೆ ಸಿಗಲಿ.

ಇಂತಿ,
ಅಂಗಿಯ ತೋಳು ಮೇಲೆ ಸರಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವ,
ಕುಳ್ಳನ ಅಕ್ಕ