ಒಲೆ ನಿನ್ನ ಬ್ಯಾಗಿನಲ್ಲಿ, ಗ್ಯಾಸ್ ನನ್ನದರಲ್ಲಿ

ಏ ಗೂಬೆ,

ಇವತ್ತು ಒಬ್ಬಳೇ ಬೆಟ್ಟ ಹತ್ತುವಾಗ ಹೊತ್ತುಕೊಂಡು ಹೋಗಲು ಒಂದು ಪುಟ್ಟ ಗ್ಯಾಸ್ ಒಲೆ ಕೊಳ್ಳಲು ಹೋಗಿದ್ದೆ. ಥೂ, ಅದೂ ಒಂದು ಅಂಗಡಿಯೇ! ಬೆಟ್ಟ ಹತ್ತುವ ಬೂಟುಗಳ ರಬ್ಬರಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಒಳಗೆ ಹೋದೆ. ಗೋಡೆ ತುಂಬ ಶಿಖರದ ಮೇಲೆ ಒಂಟಿಯಾಗಿ ನಿಂತು ಹಲ್ಲು ಕಿರಿಯುವವರ ಫೋಟೋಗಳು. ಒಬ್ಬರೇ ಹೋಗಿದ್ದರೆ ಫೋಟೋ ತೆಗೆದವರು ಯಾರು, ಅವರ ತಾತನೇ?

ಮಾರುವವನು ಮೂರು ಒಲೆ ಮುಂದಿಟ್ಟ. ಒಂದು ಸಣ್ಣ ಗಾಳಿಗೇ ಆರುವಂಥದ್ದು, ಇನ್ನೊಂದು ಇಟ್ಟಿಗೆಯಷ್ಟು ಭಾರ. ಮೂರನೆಯದನ್ನು ಮಡಚಿದರೆ ಅಂಗೈಯಲ್ಲಿ ಕೂತಿತು.

"ಒಲೆ, ಗ್ಯಾಸ್ ಡಬ್ಬಿ ಎರಡೂ ಒಂದೇ ಪಾತ್ರೆಯೊಳಗೆ ಹಿಡಿಸುತ್ತೆ ಮೇಡಂ. ಯಾರ ಹಂಗೂ ಬೇಡ," ಎಂದ. ನನಗೆ ಮೈಯೆಲ್ಲ ಉರಿಯಿತು.

ಒಲೆ ನಿನ್ನ ಬ್ಯಾಗಿನಲ್ಲಿ, ಗ್ಯಾಸ್ ನನ್ನದರಲ್ಲಿ ಎಂದು ಕಾನೂನು ಮಾಡಿದವಳು ನೀನು. "ಎಷ್ಟೇ ಕಿತ್ತಾಡಿದ್ರೂ ಹೊಟ್ಟೆ ಹಸಿದಾಗ ಸೇರ್ಲೇಬೇಕು ಕಣೇ," ಎಂದು ನೀನು ಅನ್ನುತ್ತಿದ್ದೆ. ಕೊನೆಯ ಸಲ ಜಗಳವಾಡಿ, ಒಲೆಯ ಸಮೇತ ಬೆಟ್ಟ ಇಳಿದು ಬಸ್ಸು ಹತ್ತಿದವಳೂ ನೀನೇ. ನಾನು ಮೇಲೆ ಕೂತು ಹಸಿ ನೂಡಲ್ಸ್ ಅಗಿದೆ.

ಬಿಲ್ಲು ಬರೆಯುತ್ತ ಅವನು ಕೇಳಿದ, "ಇಲ್ಲೀವರೆಗೂ ಯಾವ ಒಲೆ ಇಟ್ಕೊಂಡಿದ್ರಿ?"

"ಒಲೆ ಇರ್ಲಿಲ್ಲ. ಗ್ಯಾಸ್ ಡಬ್ಬಿ ಮಾತ್ರ ಇತ್ತು."

ಅವನು ಪಕಪಕ ನಕ್ಕ. "ಬರೀ ಗ್ಯಾಸ್ ಇಟ್ಕೊಂಡು ಬೆಟ್ಟದ ಮೇಲೆ ಏನ್ಮಾಡ್ತಿದ್ರಿ?"

ಥೂ, ನನ್ನ ಈ ಹಾಳು ಬಾಯಿ! ಅಂಗಡಿಯಲ್ಲಿದ್ದ ಅಷ್ಟೂ ಜನರ ಮುಂದೆ ಅಂದೇಬಿಟ್ಟಿತು:

"ಅವಳು ಬರ್ಲಿ ಅಂತ ಕಾಯ್ತಿದ್ದೆ."